ಕಣ್ಣೀರು ಕಾಪಾಡಿದ ಕಥೆ

ಚೀನಾದ ಪೂರ್ವ ಕರಾವಳಿಯ ಝೆಜಿಯಾಂಗ್ ಪ್ರಾಂತ್ಯದಲ್ಲಿ ಶಾಂಗ್‌ಯು ಎಂಬ ಊರು. ಅಲ್ಲಿನ ಸ್ಥಿತಿವಂತರ ಮನೆಯ ಮಗಳು ಝು ಯಿಂಗ್‌ತಾಯ್‌ಗೆ ಓದುವ ಹುಚ್ಚು. ಹೆಣ್ಣುಮಕ್ಕಳಿಗೆ ಪಾಠಶಾಲೆಯ ಬಾಗಿಲು ತೆರೆಯದ ಕಾಲ ಅದು. ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿ, ಗಂಡುವೇಷ ತೊಟ್ಟು ಅವಳು ಹಾಂಗ್‌ಝೌ ನಗರದ ಹಾದಿ ಹಿಡಿಯುತ್ತಾಳೆ. ದಾರಿಯಲ್ಲಿ ಲಿಯಾಂಗ್ ಷಾನ್‌ಬೊ ಎಂಬ ಬಡ ಹುಡುಗ ಜೊತೆಯಾಗುತ್ತಾನೆ. ಇಬ್ಬರೂ ಅಣ್ಣತಮ್ಮಂದಿರೆಂದು ಆಣೆ ಮಾಡಿಕೊಂಡು ಮೂರು ವರ್ಷ ಒಂದೇ ಗುರುವಿನ ಬಳಿ ಓದುತ್ತಾರೆ. ಪಕ್ಕದಲ್ಲಿ ಕೂತು ಓದುತ್ತಿರುವುದು ಹುಡುಗಿ ಎಂದು ಷಾನ್‌ಬೊಗೆ ಒಮ್ಮೆಯೂ ಹೊಳೆಯುವುದಿಲ್ಲ.

ಮನೆಯಿಂದ ಕರೆ ಬಂದು ಯಿಂಗ್‌ತಾಯ್ ಹೊರಟಾಗ ಅವನು ಹದಿನೆಂಟು ಲೀ, ಅಂದರೆ ಸುಮಾರು 9 ಕಿಲೋಮೀಟರ್, ಜೊತೆಗೆ ನಡೆದು ಬೀಳ್ಕೊಡುತ್ತಾನೆ. ತನ್ನ ಮನಸ್ಸನ್ನು ಅವಳು ಬಾಯಿಬಿಟ್ಟು ಹೇಳುವಂತಿಲ್ಲ. ಅದಕ್ಕೇ ದಾರಿಯುದ್ದಕ್ಕೂ ಸೂಚನೆ ಕೊಡುತ್ತ ಹೋಗುತ್ತಾಳೆ. ಕೆರೆಯಲ್ಲಿ ಜೋಡಿ ಬಾತುಗಳನ್ನು ತೋರಿಸುತ್ತಾಳೆ. ಬಾವಿಯೊಳಗೆ ಬಗ್ಗಿ ನೋಡಿ, ಅಲ್ಲಿ ಒಂದು ಗಂಡು ಒಂದು ಹೆಣ್ಣು ನಗುತ್ತಿವೆ ಎನ್ನುತ್ತಾಳೆ. ದೇವಿಯ ಗುಡಿ ಸಿಕ್ಕಾಗ ಇಬ್ಬರೂ ಒಟ್ಟಿಗೆ ಅಡ್ಡಬೀಳೋಣ ಎನ್ನುತ್ತಾಳೆ. ಅವನಿಗೆ ಏನೂ ತಿಳಿಯುವುದಿಲ್ಲ. ತನ್ನನ್ನು ಹೆಣ್ಣಿಗೆ ಹೋಲಿಸಬೇಡ ಎಂದು ಮುನಿಸಿಕೊಳ್ಳುತ್ತಾನೆ. ಕೊನೆಗೆ ಅವಳು, ಮನೆಯಲ್ಲಿ ತನ್ನಂತೆಯೇ ಇರುವ ತಂಗಿಯೊಬ್ಬಳಿದ್ದಾಳೆ, ಬೇಗ ಬಂದು ಹೆಣ್ಣು ಕೇಳು ಎಂದು ಹೇಳಿ ಹೋಗುತ್ತಾಳೆ. ಅವನಿಗೆ ನಿಜ ತಿಳಿದು, ಓಡೋಡಿ ಬರುವಷ್ಟರಲ್ಲಿ ಅಪ್ಪ ಅವಳನ್ನು ಮಾ ಮನೆತನದ ಹುಡುಗನಿಗೆ ಕೊಡುವುದಾಗಿ ಮಾತು ಕೊಟ್ಟಾಗಿರುತ್ತದೆ. ಷಾನ್‌ಬೊ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದು ಸಾಯುತ್ತಾನೆ. ಯಿಂಗ್‌ತಾಯ್‌ಳ ದಿಬ್ಬಣ ಅವನ ಸಮಾಧಿಯ ಬಳಿ ಹಾದುಹೋಗುವಾಗ ಬಿರುಗಾಳಿ ಏಳುತ್ತದೆ. ಸಮಾಧಿ ಬಾಯಿ ಬಿಡುತ್ತದೆ, ಅವಳು ಒಳಗೆ ಹಾರುತ್ತಾಳೆ. ಗಾಳಿ ನಿಂತ ಮೇಲೆ ಅಲ್ಲಿಂದ ಎರಡು ಚಿಟ್ಟೆಗಳು ಹಾರಿಹೋಗುತ್ತವೆ.

ಈ ಕಥೆಗೆ ಸಾವಿರ ವರ್ಷಕ್ಕೂ ಹೆಚ್ಚಿನ ವಯಸ್ಸು. ತಾಂಗ್ ಅರಸರ ಕಾಲದ ಝಾಂಗ್ ದು ಎಂಬ ಬರಹಗಾರನ ಹೆಸರಿನಲ್ಲಿ ಬಂದಿರುವ ನಿರೂಪಣೆಯಲ್ಲಿ ಗಂಡುವೇಷವಿದೆ, ಸಮಾಧಿ ಬಾಯಿಬಿಡುವುದಿದೆ, ಚಿಟ್ಟೆಗಳಿಲ್ಲ. ಅವನ್ನು ಮುಂದಿನ ತಲೆಮಾರುಗಳು ಸೇರಿಸಿದವು. ಹಾಡುಗಬ್ಬ, ಜಾತ್ರೆಯ ಆಟ, ಅಜ್ಜಿಯ ಬಾಯಿ ಎಂದು ಹಾದು ಬಂದ ಈ ಕಥೆ 20ನೆಯ ಶತಮಾನದಲ್ಲಿ ಒಂದು ವಿಚಿತ್ರ ಪಯಣ ಮಾಡಿತು. ಬೆಟ್ಟದ ಹಳ್ಳಿಗಳ ಬಡ ಹುಡುಗಿಯರ ಕೊರಳಿನಿಂದ ಶಾಂಘೈ ನಗರದ ರಂಗಕ್ಕೆ, ಅಲ್ಲಿಂದ ಬಣ್ಣದ ಸಿನಿಮಾಕ್ಕೆ, ಜಿನೀವಾದ ಶಾಂತಿ ಮಾತುಕತೆಗೆ, ತೈಪೆಯ ಬೀದಿಗಳಿಗೆ ಅದು ಹೋಯಿತು. ಸರ್ಕಾರಗಳು ಅದನ್ನು ಬಳಸಿಕೊಂಡವು, ಬಹಿಷ್ಕರಿಸಿದವು, ಮತ್ತೆ ಕರೆತಂದವು. ಈ ಎಲ್ಲ ಏಳುಬೀಳುಗಳ ನಡುವೆ ಕಥೆಯನ್ನು ಕೈಬಿಡದೆ ಕಾಪಾಡಿದವರು ಹಾಡಿದ ಹೆಣ್ಣುಮಕ್ಕಳು ಮತ್ತು ಎದುರಿಗೆ ಕೂತು ಅತ್ತ ಹೆಣ್ಣುಮಕ್ಕಳು. ಅವರ ಅಳುವನ್ನು ಗಂಭೀರವಾಗಿ ನೋಡದೆ ಆಧುನಿಕ ಚೀನಾದ ಭಾವಲೋಕ ಅರ್ಥವಾಗದು.

ಬೆಟ್ಟದ ಹಳ್ಳಿಯಿಂದ ಶಾಂಘೈಗೆ

ಝೆಜಿಯಾಂಗ್‌ನ ಶೆಂಗ್‌ಶಿಯೆನ್ ತಾಲ್ಲೂಕು ಆಗ ಬೆಟ್ಟಗುಡ್ಡಗಳ ಬಡ ಸೀಮೆ. ಅಲ್ಲಿನ ರೈತರು ಬಿಡುವಿನ ತಿಂಗಳಲ್ಲಿ ಮನೆಮನೆಯ ಮುಂದೆ ನಿಂತು ಕಥೆ ಹಾಡಿ ಅಕ್ಕಿ, ಕಾಸು ಪಡೆಯುತ್ತಿದ್ದರು. 1906ರ ವಸಂತದಲ್ಲಿ ದೋಂಗ್‌ವಾಂಗ್ ಹಳ್ಳಿಯಲ್ಲಿ ಇವರೇ ಭತ್ತ ಬಡಿಯುವ ಮರದ ತೊಟ್ಟಿಗಳನ್ನು ಬೋರಲು ಹಾಕಿ, ಮೇಲೆ ಹಲಗೆ ಹಾಸಿ, ವೇಷ ಕಟ್ಟಿ ಆಡಿದರು. ಯುಯೆ ಎಂಬ ಗೀತನಾಟಕ ಹುಟ್ಟಿದ್ದು ಹೀಗೆ. ಆಗ ಆಡುತ್ತಿದ್ದವರೆಲ್ಲ ಗಂಡಸರು.

1923ರಲ್ಲಿ ಶೆಂಗ್‌ಶಿಯೆನ್ನಿನಲ್ಲೇ ಮೊದಲ ಬಾಲಕಿಯರ ಮೇಳ ಶುರುವಾಯಿತು. ಕಲಿಯಲು ಬಂದ ಹುಡುಗಿಯರ ವಯಸ್ಸು ಒಂಬತ್ತು ಹತ್ತರಿಂದ ಹದಿನಾಲ್ಕರ ಆಸುಪಾಸು. ಊಟ, ವಸತಿ ಪುಕ್ಕಟೆ, ಕಲಿತ ಮೇಲೆ ಒಂದಿಷ್ಟು ಹಣ ಎಂಬ ಮಾತು ಕೊಟ್ಟು ಅವರನ್ನು ಸೇರಿಸಿಕೊಂಡರು. ಹೊಟ್ಟೆಗಿಲ್ಲದ ಮನೆಗಳು ಹೆಣ್ಣುಕೂಸನ್ನು ಎಳೆವಯಸ್ಸಿನಲ್ಲೇ ಬೇರೆ ಮನೆಗೆ ಬಾಲವಧುವಾಗಿ ಕಳಿಸಿಬಿಡುತ್ತಿದ್ದ ಕಾಲ. ಆ ಮನೆಯಲ್ಲಿ ಆಕೆ ಸೊಸೆಯಾಗುವ ತನಕ ಜೀತದಾಳು. ಮೇಳ ಸೇರುವುದೆಂದರೆ ಎಷ್ಟೋ ಹುಡುಗಿಯರಿಗೆ ಆ ಬಾಳಿನಿಂದ ತಪ್ಪಿಸಿಕೊಳ್ಳುವ ಒಂದೇ ದಾರಿ. ಆದರೆ ಆಟದವಳು ಎಂಬ ಹೆಸರು ಹೊತ್ತ ಮೇಲೆ ಮರಳಿ ಮರ್ಯಾದಸ್ಥರ ಮನೆ ಹೊಕ್ಕುವುದು ಸುಲಭವಿರಲಿಲ್ಲ.

ಯುವಾನ್ ಶುಯೆಫೆನ್ ಈ ದಾರಿ ಹಿಡಿದವರಲ್ಲೊಬ್ಬರು. ಹುಟ್ಟಿದ್ದು 1922ರಲ್ಲಿ, ಮೇಳ ಸೇರಿದ್ದು 11ನೆಯ ವಯಸ್ಸಿನಲ್ಲಿ. ಅವರಿಗಿಂತ ಎರಡು ವರ್ಷ ಚಿಕ್ಕವರಾದ ಫಾನ್ ರುಯಿಜುವಾನ್ ಕೂಡ ಅದೇ ತಾಲ್ಲೂಕಿನವರು. ಒಬ್ಬರು ಹೆಣ್ಣುಪಾತ್ರಕ್ಕೆ, ಇನ್ನೊಬ್ಬರು ಗಂಡುಪಾತ್ರಕ್ಕೆ ಹೆಸರಾದರು.

1937ರಲ್ಲಿ ಜಪಾನ್ ಚೀನಾದ ಮೇಲೆ ದಂಡೆತ್ತಿತು. ಶಾಂಘೈ ಸುತ್ತಲಿನ ಸೀಮೆ ಜಪಾನಿಯರ ಕೈಸೇರಿದರೂ ನಗರದೊಳಗೆ ವಿದೇಶಿಯರ ಆಡಳಿತವಿದ್ದ ಪ್ರದೇಶಗಳು ಕೆಲ ವರ್ಷ ಉಳಿದುಕೊಂಡವು. ನಿಂಗ್‌ಬೊ, ಶಾವೊಶಿಂಗ್ ಕಡೆಯ ಜನ ಪ್ರಾಣ ಉಳಿಸಿಕೊಳ್ಳಲು ಅಲ್ಲಿಗೆ ಓಡಿಬಂದರು. ಅವರ ಹಿಂದೆ ಅವರ ನುಡಿಯಲ್ಲಿ ಹಾಡುವ ಮೇಳಗಳೂ ಬಂದವು. ಹತ್ತಿ ಗಿರಣಿಯ ಹೆಣ್ಣಾಳುಗಳು, ಸಿರಿವಂತರ ಮನೆಯ ಆಯಾಗಳು, ವರ್ತಕರ ಹೆಂಡಂದಿರು, ಎರಡನೆಯ ಸಂಬಂಧವಾಗಿ ಬಂದು ಮೂಲೆ ಹಿಡಿದ ಹೆಂಗಸರು ಎಲ್ಲರೂ ಒಂದೇ ಸೂರಿನಡಿ ಕೂತು ನೋಡುವ ಆಟ ಅದಾಯಿತು. ಆ ಹೊತ್ತಿಗೆ ಯುಯೆ ರಂಗದಲ್ಲಿ ಗಂಡಸರು ಹೆಚ್ಚೂಕಡಿಮೆ ಇರಲೇ ಇಲ್ಲ. ರಾಜ, ಮಂತ್ರಿ, ಅಪ್ಪ, ಪ್ರಿಯಕರ ಎಲ್ಲವೂ ಹೆಂಗಸರೇ.

ಇದರ ಪರಿಣಾಮವನ್ನು ಗಮನಿಸಬೇಕು. ಲಿಯಾಂಗ್–ಝು ಕಥೆಯಲ್ಲಿ ಹುಡುಗಿಯೊಬ್ಬಳು ಗಂಡುವೇಷ ಹಾಕುತ್ತಾಳೆ. ಯುಯೆ ರಂಗದಲ್ಲಿ ಅವಳ ಜೊತೆಗಾರ ಷಾನ್‌ಬೊ ಆಗಿ ನಿಂತವರೂ ಹೆಂಗಸೇ. ಅಲ್ಲಿನ ನಾಯಕ ಕತ್ತಿ ಝಳಪಿಸುವ ವೀರನಲ್ಲ. ಮೆದುಮಾತಿನವನು, ಹೆಣ್ಣಿನ ಮಾತಿಗೆ ಕಿವಿಗೊಡುವವನು, ದುಃಖ ಬಂದರೆ ನಾಚದೆ ಅಳುವವನು. ಗಿರಣಿಯ ಮೇಸ್ತ್ರಿಯಿಂದ, ಮನೆಯ ಯಜಮಾನನಿಂದ ಬೈಗುಳವನ್ನೇ ಕೇಳುತ್ತಿದ್ದ ಹೆಂಗಸರು ಅಲ್ಲಿ ತಾವು ಬಯಸುವ ಗಂಡು ಹೇಗಿರಬೇಕೆಂಬುದನ್ನು ಕಣ್ಣಾರೆ ಕಂಡರು. ಆ ಗಂಡನ್ನು ಕಲ್ಪಿಸಿಕೊಂಡವರೂ ಆಡಿ ತೋರಿಸಿದವರೂ ತಮ್ಮಂಥ ಹೆಂಗಸರೇ ಎಂಬುದು ಅವರಿಗೆ ಗೊತ್ತಿತ್ತು.

ಊರ ಬಾಯಿ ಮತ್ತು ರಂಗದ ಹುಡುಗಿಯರು

ಚಪ್ಪಾಳೆಯ ಆಚೆಗೆ ಅವರ ಬದುಕು ಕಠಿಣವಾಗಿತ್ತು. ರಂಗಮಂದಿರದ ಮಾಲೀಕರ ಕೈಯಲ್ಲಿ ಕರಾರು, ಪುಂಡರ ಕಾಟ, ಸಿರಿವಂತರ ಔತಣಕೂಟಕ್ಕೆ ಬಂದು ಹಾಡಬೇಕೆಂಬ ಒತ್ತಾಯ, ಇದ್ದಬದ್ದ ಗಾಳಿಸುದ್ದಿಯನ್ನೆಲ್ಲ ಅಚ್ಚು ಹಾಕುವ ಪುಟ್ಟ ಪತ್ರಿಕೆಗಳು. ಯುವಾನ್ ಔತಣಕೂಟಗಳಿಗೆ ಹೋಗಲು ಒಪ್ಪಲಿಲ್ಲ. ಸಾದಾ ಬಟ್ಟೆ ತೊಟ್ಟು, ಸಸ್ಯಾಹಾರ ತಿಂದು, ಬಾಗಿಲು ಹಾಕಿಕೊಂಡು ಉಳಿದರು. ಅವರ ಜೊತೆ ಗಂಡುಪಾತ್ರ ಮಾಡುತ್ತಿದ್ದ ಮಾ ಝಾಂಗ್‌ಹುವಾ ಪತ್ರಿಕೆಗಳ ಅಪವಾದಕ್ಕೆ ಸಿಕ್ಕಿ, ಕೊರಗಿ, ಕಾಯಿಲೆ ಬಿದ್ದು 1942ರಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಯುವಾನ್ ಕೂಡ ರಕ್ತ ಕಾರಿಕೊಂಡು ಊರಿಗೆ ಮರಳಿದರು. ಅದೇ ಕಾಲದಲ್ಲಿ ತಂದೆಯನ್ನೂ ಕಳೆದುಕೊಂಡರು.

ಅವರು ಶಾಂಘೈಗೆ ತಿರುಗಿ ಬಂದಾಗ ಬೇರೆಯೇ ಮನುಷ್ಯರಾಗಿದ್ದರು. ಅಲ್ಲಿಯವರೆಗೆ ಯುಯೆ ನಾಟಕಗಳಿಗೆ ಬರೆದ ಪಠ್ಯವಿರಲಿಲ್ಲ. ತೆರೆಯ ಹಿಂದೆ ದೃಶ್ಯಗಳ ಪಟ್ಟಿಯೊಂದನ್ನು ತೂಗುಹಾಕುತ್ತಿದ್ದರು, ನಟಿಯರು ಬಾಯಿಗೆ ಬಂದ ಮಾತು ಕಟ್ಟುತ್ತಿದ್ದರು. ಜನರನ್ನು ಹಿಡಿದಿಡಲು ಅಶ್ಲೀಲ ಚೇಷ್ಟೆಗಳನ್ನೂ ಸೇರಿಸುತ್ತಿದ್ದರು. 1942ರ ಶರತ್ಕಾಲದಲ್ಲಿ ದಾಲಾಯ್ ರಂಗಮಂದಿರದಲ್ಲಿ ಯುವಾನ್ ತಮ್ಮ ಸಂಬಳದ ಬಹುಪಾಲನ್ನು ಕೊಟ್ಟು ಬರಹಗಾರರನ್ನು, ನಿರ್ದೇಶಕರನ್ನು, ರಂಗಸಜ್ಜಿಕೆಯವರನ್ನು ನೇಮಿಸಿಕೊಂಡರು. ಮರುವರ್ಷ ಹುಚಿನ್ ಎಂಬ ತಂತಿವಾದ್ಯ ನುಡಿಸುತ್ತಿದ್ದ ಝೌ ಬಾವೊತ್ಸಾಯ್ ಜೊತೆ ಸೇರಿ ನಿಧಾನವಾದ, ದುಃಖವನ್ನು ತಡೆತಡೆದು ಹೊರಬಿಡುವ ಹೊಸ ಹಾಡುಗಾರಿಕೆಯನ್ನು ರೂಪಿಸಿದರು. 1945ರಲ್ಲಿ ಲಿಯಾಂಗ್–ಝು ಕಥೆಯನ್ನು ಯುವಾನ್ ಮತ್ತು ಫಾನ್ ಇಬ್ಬರೂ ಕೂತು ತಿದ್ದಿದರು. ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ಹುಡುಗ ಹುಡುಗಿಯ ಬಗ್ಗೆ ಹಳೆಯ ಮೇಳಗಳು ಮಾಡುತ್ತಿದ್ದ ಕೀಳು ಹಾಸ್ಯವನ್ನೆಲ್ಲ ತೆಗೆದರು. ಷಾನ್‌ಬೊ ಸಾಯುವ ದೃಶ್ಯಕ್ಕೆ ಫಾನ್ ಇನ್ನೊಂದು ಹೊಸ ಧಾಟಿ ಕಟ್ಟಿದರು. ಅದುವರೆಗೆ ರಂಜನೆಗೇ ಒತ್ತು ಕೊಡುತ್ತಿದ್ದ ಆಟದಲ್ಲಿ ಅಂದಿನಿಂದ ದುರಂತವೇ ಮುಂದೆ ಬಂತು.

1946ರ ಮೇ ತಿಂಗಳಲ್ಲಿ ಯುವಾನ್ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ಲು ಶುನ್ ಅವರ ‘ಹೊಸ ವರ್ಷದ ಬಲಿ’ ಎಂಬ 1924ರ ಕಥೆಯನ್ನು ರಂಗಕ್ಕೆ ತಂದರು. ಗಂಡ ಸತ್ತವಳನ್ನು ಅತ್ತೆಮನೆಯವರು ಬಲವಂತದಿಂದ ಇನ್ನೊಬ್ಬನಿಗೆ ಮಾರಿಬಿಡುತ್ತಾರೆ. ಎರಡನೆಯ ಗಂಡನೂ ಸಾಯುತ್ತಾನೆ, ಮಗನನ್ನು ತೋಳ ಒಯ್ಯುತ್ತದೆ. ಕೆಲಸಕ್ಕಿದ್ದ ಮನೆಯವರು ಹಬ್ಬದ ಪೂಜೆಯ ಸಾಮಾನನ್ನು ಮುಟ್ಟಬೇಡ, ನೀನು ಅಪಶಕುನ ಎನ್ನುತ್ತಾರೆ. ಹೊಸ ವರ್ಷದ ಪಟಾಕಿ ಸದ್ದಿನ ನಡುವೆ ಅವಳು ಭಿಕ್ಷುಕಿಯಾಗಿ ಸಾಯುತ್ತಾಳೆ. ಲು ಶುನ್ ಅವರ ಊರು ಶಾವೊಶಿಂಗ್. ಪ್ರೇಕ್ಷಕರಲ್ಲಿ ಎಷ್ಟೋ ಹೆಂಗಸರು ಅದೇ ಸೀಮೆಯವರು. ಓದುಬರಹ ಬಲ್ಲವರಿಗಷ್ಟೇ ಸೇರಿದ್ದ ಆಧುನಿಕ ಸಾಹಿತ್ಯದ ಒಂದು ದೊಡ್ಡ ಕಥೆ ಆ ರಾತ್ರಿ ಅಕ್ಷರ ತಿಳಿಯದ ಹೆಂಗಸರ ಕೈಗೆ ಸಿಕ್ಕಿತು. ಲು ಶುನ್ ಅವರ ಪತ್ನಿ ಶು ಗುವಾಂಗ್‌ಪಿಂಗ್ ಕೂಡ ಬಂದು ನೋಡಿದರು.

ಇದನ್ನು ಎಲ್ಲರೂ ಸಹಿಸಲಿಲ್ಲ. ಅದೇ ವರ್ಷ ಆಗಸ್ಟ್ 27ರಂದು ಯುವಾನ್ ರಿಕ್ಷಾದಲ್ಲಿ ಹೋಗುತ್ತಿದ್ದಾಗ ಪುಂಡನೊಬ್ಬ ಅವರ ಮೈಮೇಲೆ ಮಲ ಎಸೆದು ಓಡಿದ. ನಗರದಲ್ಲಿ ಅದು ದೊಡ್ಡ ಸುದ್ದಿಯಾಯಿತು. ಅವರು ಹೆದರಿ ಮನೆಯಲ್ಲಿ ಕೂರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಬೇರೆ ಬೇರೆ ಮೇಳಗಳ ಹತ್ತು ಪ್ರಮುಖ ನಟಿಯರು ಒಂದು ಕರಾರಿಗೆ ಸಹಿ ಹಾಕಿದರು. ಎಲ್ಲರೂ ಸೇರಿ ಒಂದು ನಾಟಕ ಆಡಿ, ಬಂದ ಹಣದಲ್ಲಿ ತಮ್ಮದೇ ರಂಗಮಂದಿರ, ತಮ್ಮದೇ ಶಾಲೆ ಕಟ್ಟಿಕೊಳ್ಳಬೇಕು ಎಂಬುದು ಆಸೆ. ಮಾಲೀಕರ ಹಂಗಿನಿಂದ ಹೊರಬರುವ ಮೊದಲ ಸಂಘಟಿತ ಪ್ರಯತ್ನವದು. ಚೀನಾದ ರಂಗಚರಿತ್ರೆ ಇವರನ್ನು ‘ಯುಯೆಯ ಹತ್ತು ಸೋದರಿಯರು’ ಎಂದು ನೆನೆಯುತ್ತದೆ. ಆ ಹತ್ತರಲ್ಲಿ ಒಬ್ಬರು ಶಿಯಾವೊ ದಾಂಗುಯಿ. ರಂಗಮಂದಿರದ ಮಾಲೀಕನ ಮುಷ್ಟಿಯಲ್ಲಿ ವರ್ಷಗಟ್ಟಲೆ ನಲುಗಿದ್ದ ಅವರು 1947ರ ಅಕ್ಟೋಬರ್ 13ರಂದು ಆತ್ಮಹತ್ಯೆ ಮಾಡಿಕೊಂಡರು. ಅವರ ಪಾರ್ಥಿವ ಶರೀರ ನೋಡಲು ಸಾವಿರಾರು ಹೆಂಗಸರು ನೆರೆದರು. ಉಳಿದ ಸೋದರಿಯರು ನ್ಯಾಯ ಕೇಳಿ ಬೀದಿಗೆ ಬಂದರು. ರಂಗದ ಮೇಲೆ ಹರಿದ ಕಣ್ಣೀರಿಗೂ ರಂಗದ ಹಿಂದಿನ ಕಣ್ಣೀರಿಗೂ ನಡುವೆ ಪರದೆ ಉಳಿದಿರಲಿಲ್ಲ.

ಕಾನೂನು, ಸಿನಿಮಾ, ಜಿನೀವಾ

1949ರಲ್ಲಿ ಕಮ್ಯೂನಿಸ್ಟರು ಅಧಿಕಾರಕ್ಕೆ ಬಂದರು. ಹೊಸ ರಾಷ್ಟ್ರದ ರೂಪುರೇಷೆ ತೀರ್ಮಾನಿಸಿದ ರಾಜಕೀಯ ಸಮಾವೇಶಕ್ಕೆ ಮೇ ಲಾನ್‌ಫಾಂಗ್‌ರಂಥ ಪೀಕಿಂಗ್ ಒಪೆರಾದ ದಿಗ್ಗಜರ ಜೊತೆಗೆ 27ರ ಹರೆಯದ ಯುವಾನ್ ಶುಯೆಫೆನ್ ಅವರಿಗೂ ಕರೆ ಬಂತು. ಮೂರು ವರ್ಷದ ಹಿಂದೆ ನಡುಬೀದಿಯಲ್ಲಿ ಅವಮಾನಕ್ಕೊಳಗಾದ ಹೆಣ್ಣುಮಗಳು ಅಕ್ಟೋಬರ್ 1ರಂದು ತಿಯಾನನ್‌ಮೆನ್‌ನಲ್ಲಿ ಗಣರಾಜ್ಯದ ಘೋಷಣೆಗೆ ಸಾಕ್ಷಿಯಾದರು.

1950ರ ಮೇ 1ರಂದು ಹೊಸ ವಿವಾಹ ಕಾನೂನು ಜಾರಿಗೆ ಬಂತು. ಬಲವಂತದ ಮದುವೆ, ಬಾಲವಧು ಪದ್ಧತಿ, ಉಪಪತ್ನಿಯರನ್ನು ಇಟ್ಟುಕೊಳ್ಳುವುದು, ವಿಧವೆಯ ಮರುಮದುವೆಗೆ ಅಡ್ಡಿಪಡಿಸುವುದು ಎಲ್ಲಕ್ಕೂ ನಿಷೇಧ. ಗಂಡುಹೆಣ್ಣು ತಾವೇ ಒಪ್ಪಿ ಮದುವೆಯಾಗಬೇಕು, ಹೆಂಗಸಿಗೂ ವಿಚ್ಛೇದನದ ಹಕ್ಕಿದೆ ಎಂದು ಅದು ಸಾರಿತು. ಆದರೆ ಕಾಗದದ ಕಾನೂನು ಹಳ್ಳಿಯ ಮನೆಯೊಳಗೆ ಕಾಲಿಡುವುದು ಸುಲಭವಲ್ಲ. ಎಷ್ಟೋ ಕಡೆ ವಿಚ್ಛೇದನ ಕೇಳಿದ ಹೆಂಗಸರು ಪೆಟ್ಟು ತಿಂದರು, ಕೊಲೆಯಾದರು. 1953ರ ಮಾರ್ಚ್ ತಿಂಗಳಿಡೀ ದೇಶದಾದ್ಯಂತ ಕಾನೂನಿನ ಪ್ರಚಾರ ನಡೆಯಿತು. ಯಿಂಗ್‌ತಾಯ್‌ಳ ಕಥೆಗಿಂತ ಹತ್ತಿರದ ಉದಾಹರಣೆ ಪ್ರಚಾರಕರಿಗೆ ಬೇಕಿರಲಿಲ್ಲ. ಸರ್ಕಾರಕ್ಕೆ ಆ ಕಥೆ ಹಳೆಯ ವ್ಯವಸ್ಥೆಯ ಮೇಲಿನ ಆರೋಪಪಟ್ಟಿ. ನೋಡುವ ಹೆಂಗಸರಿಗೆ ಅದು ತಮ್ಮ ಅಕ್ಕನ, ಗೆಳತಿಯ, ತಮ್ಮದೇ ಬಾಳು.

ಅದೇ ವರ್ಷ ಶಾಂಘೈ ಸಿನಿಮಾ ಸ್ಟುಡಿಯೊ ಇದನ್ನು ಚಿತ್ರವಾಗಿಸಲು ಕೈಹಾಕಿತು. ಹೊಸ ಚೀನಾದ ಮೊದಲ ಬಣ್ಣದ ಚಿತ್ರ ಅದೇ. ಸಾಂಗ್ ಹು ಮತ್ತು ಹುವಾಂಗ್ ಷಾ ನಿರ್ದೇಶಕರು, ಯುವಾನ್ ಯಿಂಗ್‌ತಾಯ್, ಫಾನ್ ಷಾನ್‌ಬೊ. ಮೂಢನಂಬಿಕೆ ಎಂದು ಕಂಡ ದೃಶ್ಯಗಳ ಮೇಲೆ ಕತ್ತರಿ ಬೀಳುತ್ತಿದ್ದ ಕಾಲದಲ್ಲೂ ಚಿಟ್ಟೆಗಳು ಉಳಿದವು. ಅವನ್ನು ತೆಗೆದರೆ ಕಥೆಯ ಪ್ರಾಣವೇ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಚಿತ್ರದಲ್ಲಿ ನನಗೆ ಅತ್ಯಂತ ಹಿರಿದೆನಿಸುವುದು ಹದಿನೆಂಟು ಲೀ ದಾರಿಯ ಬೀಳ್ಕೊಡುಗೆ. ಫಾನ್ ಅವರ ಷಾನ್‌ಬೊ ದಡ್ಡನಲ್ಲ, ಕಪಟವಿಲ್ಲದವನು. ಅವನ ಮುಗ್ಧತೆಗೆ ನಗು ಬರುತ್ತದೆ, ಆ ನಗುವಿನ ಹಿಂದೆಯೇ ಎದೆ ಭಾರವಾಗುತ್ತದೆ, ಏಕೆಂದರೆ ಮುಂದೇನಾಗುವುದೆಂದು ನೋಡುವವರಿಗೆ ಗೊತ್ತು. ಯುವಾನ್ ಅವರ ಯಿಂಗ್‌ತಾಯ್ ಸೇತುವೆ ದಾಟುವಾಗ ಒಂದು ಕ್ಷಣ ಹೆಣ್ಣಿನ ನಡಿಗೆ ನಡೆದು, ಮರುಕ್ಷಣ ಗಂಡಿನ ನಡಿಗೆಗೆ ಮರಳುತ್ತಾರೆ. ಹೇಳಬೇಕಾದ್ದನ್ನು ಹೇಳಲಾಗದೆ, ನೂರು ದಾರಿ ಸುತ್ತಿ ಹೇಳುವ ಹೆಣ್ಣಿನ ಪಾಡು ಆ ಒಂದೇ ದೃಶ್ಯದಲ್ಲಿದೆ. ಶತಮಾನಗಳ ಕಾಲ ಚೀನಾದ ಕಾವ್ಯ, ಕಾದಂಬರಿಗಳ ನಾಯಕಿಯರು ನಡೆದದ್ದು ಅದೇ ದಾರಿ.

1954ರ ಬೇಸಿಗೆಯಲ್ಲಿ ಕೊರಿಯ ಮತ್ತು ಇಂಡೋಚೀನಾ ಕುರಿತ ಮಾತುಕತೆ ಜಿನೀವಾದಲ್ಲಿ ನಡೆಯಿತು. ಪ್ರಧಾನಿ ಚೌ ಎನ್‌ಲಾಯ್ ಚೀನಾದ ನಿಯೋಗದ ನಾಯಕರು. ವಿದೇಶಿ ಪತ್ರಕರ್ತರಿಗೆ ಮೊದಲು ರಾಷ್ಟ್ರೀಯ ದಿನದ ಪಥಸಂಚಲನದ ಚಿತ್ರ ತೋರಿಸಲಾಯಿತು. ಇದು ಯುದ್ಧೋತ್ಸಾಹದ ಪ್ರದರ್ಶನ ಎಂಬ ಮಾತು ಕೇಳಿಬಂತು. ಹಾಗಾದರೆ ಲಿಯಾಂಗ್–ಝು ತೋರಿಸಿ ಎಂದರು ಚೌ. ನಿಯೋಗದ ಪತ್ರಿಕಾ ವ್ಯವಹಾರ ನೋಡಿಕೊಳ್ಳುತ್ತಿದ್ದ ಶಿಯೊಂಗ್ ಶಿಯಾಂಗ್‌ಹುಯಿ ಮುಂದಿನದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರು ಕಥೆ, ಹಿನ್ನೆಲೆ, ಅರ್ಥ ಎಲ್ಲವನ್ನೂ ವಿವರಿಸುವ ಉದ್ದನೆಯ ಪುಸ್ತಿಕೆ ಸಿದ್ಧಪಡಿಸಿದರಂತೆ. ಚೌ ಅದನ್ನು ನೋಡಿ, ಇದನ್ನು ಯಾರೂ ಓದುವುದಿಲ್ಲ, ಚೀನಾದ ರೋಮಿಯೊ ಮತ್ತು ಜೂಲಿಯೆಟ್ ಎಂದು ಆಮಂತ್ರಣದಲ್ಲಿ ಬರೆದರೆ ಸಾಕು ಎಂದರು. ಪ್ರದರ್ಶನದ ದಿನ ಸಭಾಂಗಣ ತುಂಬಿತು. ಸಮಾಧಿಯ ದೃಶ್ಯದಲ್ಲಿ ಬಿಕ್ಕುವ ಸದ್ದು ಕೇಳಿತು. ಮುಗಿದ ಮೇಲೆ ತುಸು ಹೊತ್ತು ಎಲ್ಲರೂ ಸುಮ್ಮನಿದ್ದು, ಆಮೇಲೆ ಚಪ್ಪಾಳೆ ತಟ್ಟಿದರು.

ರಾಜತಂತ್ರಕ್ಕೆ ಕಣ್ಣೀರನ್ನು ಬಳಸಿಕೊಂಡದ್ದು ನಿಜ. ಆದರೆ ಪಥಸಂಚಲನದ ಫಿರಂಗಿ ಮಾಡಲಾಗದ್ದನ್ನು ಶೆಂಗ್‌ಶಿಯೆನ್ನಿನ ಇಬ್ಬರು ಹೆಣ್ಣುಮಕ್ಕಳ ಹಾಡು ಮಾಡಿತು ಎಂಬುದೂ ಅಷ್ಟೇ ನಿಜ. ಅದೇ ವರ್ಷ ಕಾರ್ಲೊವಿ ವಾರಿ ಚಿತ್ರೋತ್ಸವದಲ್ಲಿ ಸಂಗೀತ ಚಿತ್ರದ ಬಹುಮಾನ ಇದಕ್ಕೆ ಬಂತು. ಸಾಂಗ್ ಹು ಎರಡು ವರ್ಷದ ಬಳಿಕ ‘ಹೊಸ ವರ್ಷದ ಬಲಿ’ಯನ್ನೂ ಚಿತ್ರವಾಗಿಸಿದರು.

ಪಿಟೀಲು, ಹಾಂಗ್‌ಕಾಂಗ್, ತೈಪೆ

ಕಥೆ ಮತ್ತೊಂದು ರೂಪ ಪಡೆದದ್ದು ಶಾಂಘೈ ಸಂಗೀತ ವಿದ್ಯಾಲಯದಲ್ಲಿ. ಪಾಶ್ಚಾತ್ಯ ಪಿಟೀಲಿನಲ್ಲಿ ಚೀನಾದ ಜನರಿಗೆ ತಮ್ಮದೆನಿಸುವ ಸಂಗೀತ ನುಡಿಸಬೇಕೆಂದು ವಿದ್ಯಾರ್ಥಿಗಳ ಗುಂಪೊಂದು ಹೊರಟಿತ್ತು. 1958, ಊರೂರಲ್ಲಿ ಕುಲುಮೆ ಕಟ್ಟಿ ಉಕ್ಕು ತೆಗೆಯುತ್ತಿದ್ದ ವರ್ಷ. ಗುಂಪು ಮುಂದಿಟ್ಟ ವಿಷಯಗಳು ಮೂರು: ಉಕ್ಕಿನ ಉತ್ಪಾದನೆ, ಮಹಿಳಾ ಸೇನಾದಳ, ಲಿಯಾಂಗ್–ಝು. ವಿದ್ಯಾಲಯದ ಪಕ್ಷದ ಕಾರ್ಯದರ್ಶಿ ಮೆಂಗ್ ಬೊ ಮೂರನೆಯದಕ್ಕೆ ಗುರುತು ಹಾಕಿದರು. ಹೆ ಝಾನ್‌ಹಾವೊ ಮೊದಲು ಯುಯೆ ಮೇಳದ ವಾದ್ಯವೃಂದದಲ್ಲಿದ್ದವರು, ಚೆನ್ ಗಾಂಗ್ ಸಂಗೀತ ರಚನೆ ಕಲಿಯುತ್ತಿದ್ದವರು. ಯುಯೆಯ ಧಾಟಿಗಳನ್ನು ತೆಗೆದುಕೊಂಡು ಇಬ್ಬರೂ ಬೀಳ್ಕೊಡುಗೆ, ಕೊನೆಯ ಭೇಟಿ, ಸಮಾಧಿಯ ಮುಂದಿನ ರೋದನ, ಚಿಟ್ಟೆಗಳು ಎಲ್ಲವನ್ನೂ ಪಿಟೀಲಿಗೆ ತಂದರು. 1959ರ ಮೇ 27ರಂದು ಲ್ಯಾನ್‌ಶಿನ್ ರಂಗಮಂದಿರದಲ್ಲಿ ಹದಿಹರೆಯದ ವಿದ್ಯಾರ್ಥಿನಿ ಯು ಲಿನಾ ಅದನ್ನು ಮೊದಲ ಬಾರಿ ನುಡಿಸಿದರು. ಮುಗಿದ ಮೇಲೂ ಜನ ಏಳಲಿಲ್ಲ. ಅವರು ಮತ್ತೆ ನುಡಿಸಬೇಕಾಯಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕೇಳಿಬರುವ ಚೀನಾದ ವಾದ್ಯಸಂಗೀತದ ಕೃತಿಗಳಲ್ಲಿ ಅದೂ ಒಂದು.

1954ರ ಚಿತ್ರ ಹಾಂಗ್‌ಕಾಂಗ್‌ನಲ್ಲೂ ಜನ ಸೆಳೆದಿತ್ತು. 1963ರಲ್ಲಿ ಅಲ್ಲಿನ ಶಾ ಬ್ರದರ್ಸ್ ಸಂಸ್ಥೆ ಲಿ ಹಾನ್‌ಶಿಯಾಂಗ್ ನಿರ್ದೇಶನದಲ್ಲಿ ತನ್ನದೇ ಲಿಯಾಂಗ್–ಝು ತಯಾರಿಸಿತು. ಹುವಾಂಗ್‌ಮೇ ಎಂಬ ಜನಪದ ಧಾಟಿಯನ್ನು ಆರಿಸಿಕೊಂಡಿತು. ಲೆ ದಿ ಯಿಂಗ್‌ತಾಯ್, ಲಿಂಗ್ ಪೊ ಎಂಬ ನಟಿ ಷಾನ್‌ಬೊ. ಇಲ್ಲೂ ನಾಯಕ ಹೆಣ್ಣೇ. ಚಿತ್ರ ತೈವಾನಿಗೆ ಹೋದಾಗ ತೈಪೆ ನಗರಕ್ಕೆ ಹುಚ್ಚು ಹಿಡಿದಂತಾಯಿತು. ಒಬ್ಬೊಬ್ಬರು ಹತ್ತಾರು ಬಾರಿ ನೋಡಿದರು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಲಿಂಗ್ ಪೊ ತೈಪೆಗೆ ಬಂದಿಳಿದಾಗ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇದಕ್ಕೆ ಕಾರಣ ಬರೀ ಹಾಡಲ್ಲ. ಅಂತರ್ಯುದ್ಧದಲ್ಲಿ ಸೋತು 1949ರ ಹೊತ್ತಿಗೆ ತೈವಾನಿಗೆ ಬಂದಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಜನ ತಾಯಿ, ಹೆಂಡತಿ, ಮಕ್ಕಳನ್ನು ಕಡಲಿನ ಆಚೆ ಬಿಟ್ಟು ಬಂದಿದ್ದರು. ಪತ್ರ ಬರೆಯುವಂತಿಲ್ಲ, ಬದುಕಿದ್ದಾರೋ ಇಲ್ಲವೋ ತಿಳಿಯುವಂತಿಲ್ಲ. ಕೂಡಿ ಬಾಳಬೇಕಾದವರು ದಾರಿಯಲ್ಲೇ ಅಗಲಿದ ಕಥೆಗೆ ಅವರು ಅತ್ತದ್ದು ತಮ್ಮ ಅಗಲಿಕೆಗೇ. ಆಗ ಪುಟ್ಟ ಹುಡುಗನಾಗಿದ್ದ ಆಂಗ್ ಲೀ ಮುಂದೆ ಜಗತ್ತಿನ ದೊಡ್ಡ ನಿರ್ದೇಶಕರಾದ ಮೇಲೂ, ಆ ಚಿತ್ರ ನೋಡಿ ಅತ್ತ ಅನುಭವದ ನಿರ್ಮಲತೆಯನ್ನೇ ತಮ್ಮ ಚಿತ್ರಗಳಲ್ಲಿ ಹುಡುಕುತ್ತಿರುವುದಾಗಿ ಹೇಳಿದ್ದಾರೆ. ಎರಡು ಸರ್ಕಾರಗಳು ಒಂದರ ಮುಖ ಒಂದು ನೋಡದಿದ್ದ ದಿನಗಳಲ್ಲಿ ಎರಡೂ ದಡದ ಜನ ಒಂದೇ ಜೋಡಿಗೆ ಮರುಗಿದರು.

ಅಳು ನಿಷೇಧವಾದ ವರ್ಷಗಳು

ಶಾಂಗ್‌ಯು ಸೀಮೆಯವರೇ ಆದ ನಿರ್ದೇಶಕ ಶಿಯೆ ಜಿನ್ 1964ರಲ್ಲಿ ‘ರಂಗದ ಸೋದರಿಯರು’ ಎಂಬ ಚಿತ್ರ ಮಾಡಿದರು. ಬಾಲವಧುವಿನ ಬಾಳಿನಿಂದ ತಪ್ಪಿಸಿಕೊಂಡು ಮೇಳದಲ್ಲಿ ಆಸರೆ ಪಡೆಯುವ ಚುನ್‌ಹುವಾ, ಅವಳಿಗೆ ಸೋದರಿಯಾಗುವ ಯುಯೆಹೋಂಗ್. ಶಾಂಘೈಗೆ ಬಂದು ಇಬ್ಬರೂ ಹೆಸರು ಮಾಡುತ್ತಾರೆ. ಒಬ್ಬಳು ಹಣ, ಆಸರೆಗಳ ಬಲೆಗೆ ಬೀಳುತ್ತಾಳೆ, ಇನ್ನೊಬ್ಬಳು ‘ಹೊಸ ವರ್ಷದ ಬಲಿ’ ಆಡಿ ಪುಂಡರ ದಾಳಿಗೆ ತುತ್ತಾಗುತ್ತಾಳೆ. ಯುವಾನ್ ಮತ್ತು ಅವರ ಸೋದರಿಯರ ಬಾಳೇ ಆ ಚಿತ್ರಕ್ಕೆ ಜೀವದ್ರವ್ಯ. ಅದು ವರ್ಗಗಳ ರಾಜಿಯನ್ನು ಬೋಧಿಸುತ್ತದೆ ಎಂದು ಟೀಕಾಕಾರರು ಮುಗಿಬಿದ್ದರು.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ರಂಗದ ಮೇಲೆ ಕೆಲವೇ ಮಾದರಿ ನಾಟಕಗಳಿಗೆ ಅವಕಾಶ. ಅವುಗಳಲ್ಲಿ ತ್ಯಾಗವಿದೆ, ರೋಷವಿದೆ, ಗಂಡುಹೆಣ್ಣಿನ ಒಲುಮೆಯ ಮಾತಿಲ್ಲ. ಲಿಯಾಂಗ್–ಝು ನಾಟಕ, ಸಿನಿಮಾ, ಪಿಟೀಲು ಮೂರೂ ಮೂಲೆಗೆ ಹೋದವು. ಯುವಾನ್, ಫಾನ್ ಕಿರುಕುಳ ಅನುಭವಿಸಿದರು. ಹತ್ತು ಸೋದರಿಯರಲ್ಲಿ ಒಬ್ಬರಾದ, ಗಂಡುಪಾತ್ರದ ಮಹಾನಟಿ ಯಿನ್ ಗುಯಿಫಾಂಗ್ ಹಿಂಸೆಯಿಂದ ಅರ್ಧಾಂಗ ಸ್ವಾಧೀನ ಕಳೆದುಕೊಂಡರು. ಶಿಯೆ ಜಿನ್ ಅವರ ತಂದೆ ತಾಯಿ ಇಬ್ಬರೂ ಆ ವರ್ಷಗಳಲ್ಲಿ ಪ್ರಾಣ ಕಳೆದುಕೊಂಡರು. ಮಕ್ಕಳು ಅಪ್ಪಅಮ್ಮನನ್ನು ದೂರಬೇಕಿತ್ತು, ಗಂಡ ಹೆಂಡತಿಯನ್ನು ಬಿಟ್ಟುಕೊಡಬೇಕಿತ್ತು. ಸತ್ತವರಿಗಾಗಿ ಬಹಿರಂಗವಾಗಿ ಅತ್ತರೆ ಅದೂ ತಪ್ಪು.

ಹತ್ತು ವರ್ಷ ಕಳೆದು ಆ ಕಟ್ಟು ಒಡೆಯಿತು. 1978ರಲ್ಲಿ ಚಿತ್ರಮಂದಿರಗಳಿಗೆ ಮರಳಿದ ಹಳೆಯ ಚಿತ್ರಗಳಲ್ಲಿ ತ್ಸೆನ್ ಫಾನ್ ನಿರ್ದೇಶನದ, 1962ರ ಯುಯೆ ಚಿತ್ರ ‘ಕೆಂಪು ಮಹಲಿನ ಕನಸು’ ಮುಖ್ಯವಾದುದು. 18ನೆಯ ಶತಮಾನದ ತ್ಸಾವೊ ಶುಯೆಚಿನ್ ಅವರ ಮಹಾಕಾದಂಬರಿ ಅದರ ಮೂಲ. ದೊಡ್ಡ ಮನೆತನವೊಂದರ ಏಳುಬೀಳಿನ, ನೂರಾರು ಪಾತ್ರಗಳ, 120 ಅಧ್ಯಾಯಗಳ ಕೃತಿಯಿಂದ ಶು ಜಿನ್ ಎಂಬ ನಾಟಕಕಾರರು ಬಾವೊಯು ಮತ್ತು ದಾಯ್‌ಯು ಎಂಬ ಎರಡು ಜೀವಗಳ ಕಥೆಯನ್ನು ಬಿಡಿಸಿಕೊಂಡಿದ್ದರು. ತಾಯಿಯಿಲ್ಲದ ಹುಡುಗಿ ದಾಯ್‌ಯು ನೆಂಟರ ಮನೆಯಲ್ಲಿ ಬೆಳೆಯುತ್ತಾಳೆ. ಹಿರಿಯರು ಬಾವೊಯುಗೆ ದಾಯ್‌ಯುವೇ ವಧು ಎಂದು ನಂಬಿಸಿ ಬೇರೊಬ್ಬಳೊಡನೆ ಮದುವೆ ಮಾಡುತ್ತಾರೆ. ಅತ್ತ ಮಂಗಳವಾದ್ಯ ನುಡಿಯುತ್ತಿರುವಾಗ ಇತ್ತ ದಾಯ್‌ಯು ತಾನು ಬರೆದ ಕವಿತೆಗಳನ್ನೆಲ್ಲ ಒಂದೊಂದಾಗಿ ಬೆಂಕಿಗೆ ಹಾಕಿ ಕಣ್ಣು ಮುಚ್ಚುತ್ತಾಳೆ. ವಾಂಗ್ ವೆನ್‌ಜುವಾನ್ ದಾಯ್‌ಯು, ಹತ್ತು ಸೋದರಿಯರಲ್ಲಿ ಒಬ್ಬರಾದ ಶು ಯುಲಾನ್ ಬಾವೊಯು.

ಹಗಲು ರಾತ್ರಿ ಎನ್ನದೆ ಪ್ರದರ್ಶನಗಳು ನಡೆದವು. ಹಳ್ಳಿಗಳ ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದರು. ಯುಯೆ ನುಡಿ ತಿಳಿಯದ ಪ್ರಾಂತ್ಯಗಳಲ್ಲೂ ಜನ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡರು. ಕಾಗದಗಳು ಬೆಂಕಿಯಲ್ಲಿ ಉರಿಯುವ ದೃಶ್ಯ ಆ ಪ್ರೇಕ್ಷಕರಿಗೆ ಹೊಸದಾಗಿರಲಿಲ್ಲ. ಪುಸ್ತಕ, ಪತ್ರ, ಕುಟುಂಬದ ಫೋಟೊಗಳನ್ನು ಅವರೂ ಸುಟ್ಟಿದ್ದರು, ಅಥವಾ ಸುಡುವುದನ್ನು ಕಂಡಿದ್ದರು. 18ನೆಯ ಶತಮಾನದ ಹುಡುಗಿಯ ನೆಪದಲ್ಲಿ ಒಂದು ದೇಶ ತಡೆದಿಟ್ಟುಕೊಂಡ ದುಃಖವನ್ನು ಹೊರಹಾಕಿತು.

ಉಳಿದದ್ದು

ಯುವಾನ್ ಶುಯೆಫೆನ್ 2011ರಲ್ಲಿ, ಫಾನ್ ರುಯಿಜುವಾನ್ ಮತ್ತು ಶು ಯುಲಾನ್ 2017ರಲ್ಲಿ, ವಾಂಗ್ ವೆನ್‌ಜುವಾನ್ 2021ರಲ್ಲಿ ತೀರಿಕೊಂಡರು. ಯುಯೆಯನ್ನು 2006ರಲ್ಲಿ ಚೀನಾ ತನ್ನ ಅಮೂರ್ತ ಪರಂಪರೆಯ ಮೊದಲ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಕಲೆಗಳು ಬಹುಪಾಲು ವಸ್ತುಸಂಗ್ರಹಾಲಯದ ಹಾದಿ ಹಿಡಿಯುತ್ತವೆ. ಇದು ಹಿಡಿಯಲಿಲ್ಲ. 2023ರಲ್ಲಿ ಹಾಂಗ್‌ಝೌದ ಪುಟ್ಟ ರಂಗಮಂದಿರವೊಂದರಲ್ಲಿ ಶುರುವಾದ ‘ಹೊಸ ಡ್ರ್ಯಾಗನ್ ಗೇಟ್ ವಸತಿಗೃಹ’ ಎಂಬ ಯುಯೆ ನಾಟಕದಲ್ಲಿ ಚೆನ್ ಲಿಜುನ್ ಎಂಬ ನಟಿ ಗಂಡುಪಾತ್ರ ಮಾಡಿದರು. ಮೊಬೈಲಿನಲ್ಲಿ ಅದರ ತುಣುಕು ಹರಿದಾಡಿ, ಆಗಸ್ಟ್‌ನಲ್ಲಿ ನೇರಪ್ರಸಾರವಾದಾಗ 90 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅವರ ಅಭಿಮಾನಿಗಳಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. ಬಾಲವಧು ಪದ್ಧತಿ ಇವರಿಗೆ ಚರಿತ್ರೆಯ ಪಾಠ, ಓದು ನೌಕರಿ ಎರಡೂ ಉಂಟು. ಆದರೂ ಹೆಣ್ಣು ಕಲ್ಪಿಸಿದ ಆ ಮೆದುಮನಸ್ಸಿನ ಗಂಡನ್ನು ನೋಡಲು ಅವರು ಟಿಕೆಟ್ಟಿಗಾಗಿ ಮುಗಿಬೀಳುತ್ತಾರೆ.

ದೇಶಗಳ ಚರಿತ್ರೆ ಬರೆಯುವಾಗ ನಾವು ಯುದ್ಧ, ಕ್ರಾಂತಿ, ಒಪ್ಪಂದಗಳ ತಾರೀಖುಗಳನ್ನು ಪೋಣಿಸುತ್ತೇವೆ. ಜನ ಯಾವ ಕಥೆಗೆ, ಯಾವ ವರ್ಷ, ಯಾಕೆ ಅತ್ತರು ಎಂಬುದೂ ಚರಿತ್ರೆಯೇ. 1945ರಲ್ಲಿ ಗಿರಣಿಯ ಹೆಂಗಸು, 1953ರಲ್ಲಿ ವಿಚ್ಛೇದನ ಕೇಳಲು ಹೊರಟ ಹಳ್ಳಿಯ ಸೊಸೆ, 1963ರಲ್ಲಿ ಊರು ಕಳೆದುಕೊಂಡ ತೈಪೆಯ ಸಿಪಾಯಿ, 1978ರಲ್ಲಿ ಮನೆಯವರನ್ನು ಕಳೆದುಕೊಂಡ ಮೇಷ್ಟ್ರು ಒಂದೇ ಬಗೆಯ ಕಥೆಗಳಿಗೆ ಅತ್ತರು. ಪ್ರತಿಯೊಬ್ಬರ ಅಳುವಿನಲ್ಲೂ ಅವರ ಕಾಲದ ಅನ್ಯಾಯದ ಲೆಕ್ಕವಿತ್ತು. ಅಳು ದುರ್ಬಲರ ಲಕ್ಷಣ ಎನ್ನುವವರು ಈ ಚರಿತ್ರೆಯನ್ನು ಓದಬೇಕು. ಕೂಡಿ ಅತ್ತ ಹೆಂಗಸರು ಮಾಲೀಕರ ವಿರುದ್ಧ ಒಂದಾದರು, ಒಂದು ಕಾನೂನಿಗೆ ದನಿ ಕೊಟ್ಟರು, ನಿಷೇಧ ಮುಗಿಯುವ ತನಕ ಹಾಡುಗಳನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು ಮಕ್ಕಳ ಕೈಗೆ ದಾಟಿಸಿದರು. ಲಿಯಾಂಗ್–ಝು ಕಥೆ ಇಂದಿಗೂ ಬದುಕಿರುವುದು ಅವರ ದುಡಿಮೆಯಿಂದ. ಅವರ ಹೆಸರುಗಳನ್ನು ಲು ಶುನ್, ತ್ಸಾವೊ ಶುಯೆಚಿನ್ ಹೆಸರುಗಳ ಪಕ್ಕದಲ್ಲೇ ಇಟ್ಟು ಹೇಳುವುದು ನ್ಯಾಯ.